ನಡುದಾರಿಯಲ್ಲಿ ನಿಂತ ಬಡಿತ

ಸಡಾ, ಮುರ್ಗಾಂವ
೩೦ ಆಗಸ್ಟ್ ೨೦೦೪

ತಮ್ಮ ಕಂಠೆಪ್ಪನಿಗೆ ಆಶೀರ್ವಾದ.

ನಾನು ಭಾಗವ್ವ. ಕರಿಬೆಂಚಿಯ ಪರಮೇಶಪ್ಪನ ಹಿರಿಯ ಮಗಳು. ನಮ್ಮ ಓಣಿಯಲ್ಲಿ ಗಂಡು ಹೆಣ್ಣು ಸೇರಿ ಮೊದಲು ಮ್ಯಾಟ್ರಿಕ್ ಪಾಸಾದವಳು. ಗೋವಾದ ಬಂದರಿನಲ್ಲಿ ಇಪ್ಪತ್ತೆರಡು ವರ್ಷ ಹೆಂಗಸರ ಗ್ಯಾಂಗಿನ ಹಾಜರಿ ಬರೆದವಳು. ಸಡಾದ ಗುಡ್ಡದ ಮೇಲೆ ನಮ್ಮ ಕಡೆಯ ಅರವತ್ತು ಮನೆಗಳಿವೆ. ಲಗ್ನ ಗೊತ್ತಾಗುವುದಿರಲಿ, ಅಣ್ಣತಮ್ಮಂದಿರ ಜಗಳ ಹರಿಯುವುದಿರಲಿ, ನನ್ನ ಕಟ್ಟೆಗೆ ಬಂದೇ ಆಗಬೇಕು. ಇದೆಲ್ಲ ನಿನಗೆ ಗೊತ್ತಿರುವುದೇ. ಆದರೂ ಬರೆದಿದ್ದೇನೆ, ಏಕೆಂದರೆ ಇಷ್ಟನ್ನು ನೀನು ಚಹಾದಂಗಡಿಯ ಮುಂದೆ ನಿಂತು, ಗಣಪ್ಪನ ಕಿವಿಗೆ ಬೀಳುವಂತೆ ಓದಬೇಕು.

ಗಣಪ್ಪ ರಸ್ತೆ ಕೆಲಸಕ್ಕೆಂದು ಇಲ್ಲಿಗೆ ಬಂದಿದ್ದ. ನನ್ನ ಮನೆಯಲ್ಲೇ ಉಂಡ. ಹದಿನೈದನೇ ತಾರೀಖು ಶಾಲೆಯ ಮೈದಾನದಲ್ಲಿ ಶ್ವೇತಾ ಬ್ಯಾಂಡಿನ ಮುಂದೆ ಡ್ರಮ್ ಬಾರಿಸುವುದನ್ನು ಕಂಡು ಊರಿಗೆ ಹೋಗಿ, ಭಾಗವ್ವ ಬಿಟ್ಟುಹೋದ ಹಲಗಿ ಮೊಮ್ಮಗಳ ಕೊರಳಿಗೆ ಬಿದ್ದಿದೆ ಎಂದು ಆಡಿಕೊಂಡನೆಂದು ನೀನೇ ಬರೆದಿದ್ದೀಯ. ಅವನಿಗೆ ಹೇಳು. ಇದು ಹಲಗಿಯಲ್ಲ. ಬಿಳಿ ಕೈಗವಸು, ನೀಲಿ ಪಟ್ಟಿ, ಪಾಲಿಶ್ ಹಾಕಿದ ಬೂಟು. ಚರ್ಮವನ್ನು ಬೆಂಕಿಗೆ ಕಾಸುವುದಿಲ್ಲ, ಚಾವಿ ತಿರುಗಿಸಿ ಬಿಗಿ ಮಾಡುತ್ತಾರೆ. ಕಲಿಸುವವರು ಕಾಯ್ತಾನ ಮಾಸ್ತರರು, ಶಾಲೆಯಲ್ಲಿ ಹದಿನೆಂಟು ವರ್ಷದಿಂದ ಸಂಗೀತ ಕಲಿಸುತ್ತಿದ್ದಾರೆ. ಧ್ವಜ ಏರುವಾಗ ಬಾರಿಸುವುದು ಬೇರೆ, ಹೆಣದ ಮುಂದೆ ಬಾರಿಸುವುದು ಬೇರೆ.

ಇಲ್ಲಿಂದ ಮುಂದಿನದು ನಿನಗೆ ಮಾತ್ರ.

ಶ್ವೇತಾ ಎರಡು ವರ್ಷ ಬೇಡಿಕೊಂಡ ಮೇಲೆ ನಾನು ಒಪ್ಪಿದ್ದು. ಮಗ ಭೀಮಶಿ ನನ್ನ ಮುಂದೆ ಬಾಯಿ ಬಿಡುವುದಿಲ್ಲ, ಸೊಸೆ ಹುಲಿಗೆಮ್ಮನಂತೂ ಕೇಳುವುದೇ ಬೇಡ. ಹುಡುಗಿ ಒಬ್ಬಳೇ ನನ್ನೆದುರು ನಿಂತು ಕೇಳಿದಳು. ನಾನು ಎರಡು ಕರಾರು ಹಾಕಿದೆ. ಶಾಲೆಯ ಕಾರ್ಯಕ್ರಮ ಬಿಟ್ಟು ಬೇರೆಲ್ಲೂ ಬಾರಿಸಬಾರದು. ಸಾವಿನ ಮನೆಯ ದಿಕ್ಕಿಗೂ ಡ್ರಮ್ ಒಯ್ಯಬಾರದು. ಏಕೆ ಎಂದು ಕೇಳಿದಳು. ನಾನು ಹೇಳಲಿಲ್ಲ. ಜ್ವರದಲ್ಲಿ ಮೈ ಸುಡುತ್ತಿದ್ದರೂ ಅಪ್ಪ ಗೌಡರ ಮನೆಯ ಹೆಣದ ಮುಂದೆ ಮೂರು ತಾಸು ಬಾರಿಸುತ್ತ ನಡೆದು, ಮನೆಗೆ ಬಂದು ಮಲಗಿದವನು ಏಳಲಿಲ್ಲ ಎಂಬುದನ್ನು ನಾನು ಇಲ್ಲಿ ಯಾರಿಗೂ ಹೇಳಿಲ್ಲ. ನಮ್ಮದು ಹೆಣದ ಮುಂದೆ ಹಲಗಿ ಬಾರಿಸುವ ಪಾಳಿಯ ಮನೆ ಎಂದು ಸಡಾದಲ್ಲಿ ಒಬ್ಬರಿಗೂ ಗೊತ್ತಿಲ್ಲ. ಶ್ವೇತಾಗೂ ಗೊತ್ತಿಲ್ಲ. ಹೋದ ಬೇಸಿಗೆಯಲ್ಲಿ ಅವಳು ಹದಿನೈದು ದಿನ ನಿನ್ನ ಮನೆಯಲ್ಲಿದ್ದಾಗ ನೀನು ಬಾಯಿ ಬಿಗಿ ಹಿಡಿದಿದ್ದೀಯ ಎಂದು ನಂಬಿದ್ದೇನೆ.

ಫೋನ್ ಮಾಡಬೇಡ. ಅಂಗಡಿಯ ಫೋನ್ ಡಬ್ಬಿಯ ಮುಂದೆ ನಿಂತವರೆಲ್ಲ ಕೇಳುತ್ತಾರೆ.

ನಿನ್ನ ಅಕ್ಕ,
ಭಾಗವ್ವ


ಕರಿಬೆಂಚಿ
೧೧ ಸೆಪ್ಟೆಂಬರ್ ೨೦೦೪

ಅಕ್ಕಗ ಕಂಠೆಪ್ಪನ ಶರಣು.

ನಿನ್ನ ಕಾಗದ ಮುಟ್ಟೇತಿ. ಹೇಳಿದಂಗ ಚಹಾದಂಗಡಿ ಮುಂದ ನಿಂತು ಓದಿದೆ. ಗಣಪ್ಪ ಕೇಳಿದ. ‘ಈಕಿ ಕಾಗದದಾಗೂ ಕಣ್ಣ ಕಿಸದಂಗ ಕಾಣ್ತಾಳಲ್ಲೋ’ ಅಂದು ಅರ್ಧಾ ಚಹಾ ಬಿಟ್ಟು ಎದ್ದ ಹ್ವಾದ. ಇನ್ನ ಒಂದ ವರ್ಷ ಅವನ ಬಾಯಿ ಬಂದ್ ಇರತೈತಿ.

ನಾ ಕಲಿತದ್ದು ನಾಲ್ಕನೇತ್ತೆ, ಅದೂ ನೀ ಬೆತ್ತ ಹಿಡದು ಕಲಿಸಿದ್ದು. ಅಕ್ಷರದಾಗ ತಪ್ಪು ಹುಡುಕಾಕ ಹೋಗಬ್ಯಾಡ.

ಹುಡುಗಿಗಿ ನಾ ಏನೂ ಹೇಳಿಲ್ಲ. ಹಲಗಿ ಗೋಡಿಗಿ ತೂಗ ಹಾಕಿದ್ದು ನೋಡಿ ಕೇಳಿದ್ಲು, ಇದೇನು ಮುತ್ಯಾ ಅಂತ. ಹಳೇ ಜರಡಿ ಅಂದೆ. ನಕ್ಕಳು. ಶಾಣ್ಯಾ ಅದಾಳ.

ಒಂದ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ. ಆ ಶಾಲಿ ಡ್ರಮ್ಮಿಗಿ ಎಡಗೈ ಹ್ಯಾಂಗ ಹಿಡಿತಾರ? ಕಡ್ಡಿ ಬೊಟ್ಟಿನ ನಡುವ ಹಾಕ್ತಾರೋ, ಮುಷ್ಟಿಯಾಗ ಹಿಡಿತಾರೋ? ಬಲಗೈ ಯಾರಾದ್ರೂ ಬಡಿತಾರ. ಬಾರಸವ ಯಾರು ಅನ್ನೂದು ಎಡಗೈ ಮ್ಯಾಲ ತಿಳಿತೈತಿ. ಅಪ್ಪ ಹೇಳ್ತಿದ್ದ.

ಊರಾಗ ಪಾಳಿ ನಾ ಒಬ್ಬನ ನಡಸೇನಿ. ಸುಖವಾಗೇನಿ. ನಿನಗ ನಾಚಿಕಿ ಅನಸ್ತೈತಿ ಅಂತ ಗೊತ್ತೈತಿ. ನನಗ ಬ್ಯಾರೆ ಏನೂ ಬರೂದಿಲ್ಲ ಅಕ್ಕಾ.

ನಿನ್ನ ತಮ್ಮ,
ಕಂಠೆಪ್ಪ


ಸಡಾ
೨ ಫೆಬ್ರವರಿ ೨೦೦೫

ಕಂಠೆಪ್ಪಾ,

ಎಡಗೈಯಲ್ಲಿ ಕಡ್ಡಿಯನ್ನು ಹೆಬ್ಬೆರಳಿನ ಸಂದಿಗೆ ಸಿಕ್ಕಿಸಿ, ಎರಡು ಬೆರಳಿನ ಮೇಲೆ ಮಲಗಿಸುತ್ತಾರೆ. ನೀನು ಕೇಳಿದ್ದಕ್ಕಾಗಿ ನಾನು ಹೋಗಿ ನೋಡಿದೆ. ಇದರಿಂದ ನಿನಗೇನು ಉಪಯೋಗವೋ ತಿಳಿಯದು.

ಗಣರಾಜ್ಯೋತ್ಸವಕ್ಕೆ ಹೋಗಿದ್ದೆ. ಮಂತ್ರಿಗಳು ಬಂದಿದ್ದರು. ಹನ್ನೆರಡು ಶಾಲೆಗಳ ಬ್ಯಾಂಡು ಸಾಲಾಗಿ ನಡೆದವು. ಉಳಿದ ಶಾಲೆಯವರ ಕಾಲು ಒಂದು ಕಡೆ, ಬಡಿತ ಒಂದು ಕಡೆ. ನಮ್ಮವರು ಬಂದಾಗ ಮೈದಾನವೇ ನೆಟ್ಟಗಾಯಿತು. ಶ್ವೇತಾ ಮುಂದಿನ ಸಾಲಿನ ನಡುವೆ. ಗದ್ದ ಮೇಲೆ, ಕಣ್ಣು ನೇರ. ಕೈ ಮಾತ್ರ ಅವಳದಲ್ಲವೇನೋ ಎಂಬಂತೆ ಆಡುತ್ತಿತ್ತು. ಪಕ್ಕದ ಮನೆಯ ಚಂದ್ರಿಬಾಯಿ ನನ್ನ ಮೊಣಕೈ ಹಿಡಿದು, ‘ಭಾಗವ್ವಾರ, ನಿಮ್ಮ ಹುಡುಗಿ ಮಿಲ್ಟ್ರಿಯಾಗ ಹುಟ್ಟಬೇಕಿತ್ರಿ’ ಅಂದಳು. ಹೊಗಳಿದಾಗ ಹಲ್ಲು ಕಿರಿಯುವುದು ನನಗೆ ಆಗದು.

ಮನೆಯಲ್ಲಿ ಒಂದು ಸ್ಟೂಲಿನ ಮೇಲೆ ಸ್ಕೂಟರಿನ ಹಳೆಯ ಟ್ಯೂಬು ಬಿಗಿದು ಕೊಟ್ಟಿದ್ದಾರೆ ಮಾಸ್ತರರು. ಬೆಳಿಗ್ಗೆ ಆರಕ್ಕೆ ಅದರ ಮೇಲೆ ಶುರು. ಎರಡು ಬಲ, ಎರಡು ಎಡ, ಎರಡು ಬಲ, ಎರಡು ಎಡ, ಹಾಲು ಉಕ್ಕುವವರೆಗೆ. ಭೀಮಶಿ ತಲೆ ಹಿಡಿದುಕೊಂಡು ಕೂರುತ್ತಾನೆ. ನಾನು ಬೈಯುವುದಿಲ್ಲ. ಶನಿವಾರ ಅಭ್ಯಾಸ ಮುಗಿದ ಮೇಲೆ ಮಾಸ್ತರರ ಹೆಂಡತಿ ಎಲ್ಲ ಮಕ್ಕಳಿಗೂ ಚಹಾ, ಬಿಸಿ ಉಂಡೊ ಕೊಡುತ್ತಾರಂತೆ. ಉಂಡೊ ಅಂದರೆ ಇಲ್ಲಿಯ ದುಂಡನೆಯ ಪಾವು. ನಮ್ಮ ಹುಡುಗಿಯನ್ನು ಒಳಗೆ ಅಡಿಗೆಮನೆಯಲ್ಲೇ ಕೂಡಿಸಿಕೊಂಡು ಕೊಡುತ್ತಾರಂತೆ. ನಾವು ಎಲ್ಲಿ ಕೂತು ಉಣ್ಣುತ್ತಿದ್ದೆವು ನಿನಗೆ ನೆನಪಿರಬೇಕು.

ಇದನ್ನು ಓದಿ ಇಟ್ಟುಕೋ, ಯಾರಿಗೂ ತೋರಿಸಬೇಡ.

ಭಾಗವ್ವ


ಸಡಾ
೨೪ ಏಪ್ರಿಲ್ ೨೦೦೬

ಕಂಠೆಪ್ಪಾ,

ಶ್ವೇತಾಳ ಹತ್ತನೆಯ ಪರೀಕ್ಷೆ ಮುಗಿದಿದೆ. ಬರುವ ಭಾನುವಾರ ಭೀಮಶಿ ಅವಳನ್ನು ನಿನ್ನಲ್ಲಿಗೆ ಬಿಡಲು ಬರುತ್ತಾನೆ. ಅಲ್ಲಿಯೇ ಪಿ.ಯು.ಸಿ. ಓದಲಿ, ಹೊಲಿಗೆ ಕಲಿಯಲಿ.

ಬ್ಯಾಂಡು ಮುಗಿಯಿತು. ಅವಳು ನನ್ನ ಕರಾರು ಮುರಿದಳು. ಹೆಣದ ಮುಂದೆ ಬಾರಿಸಿದಳು. ಬೀದಿಯಲ್ಲಿ, ಹಗಲಿನಲ್ಲಿ, ಸಡಾದ ಅರ್ಧ ಜನ ನೋಡುವಾಗ. ನಾನು ನೋಡಿದೆ, ಬಿಡಿಸಿದೆ. ಅಷ್ಟೇ.

ಮೂವತ್ತು ವರ್ಷ ಕಷ್ಟಪಟ್ಟು ದಾಟಿಬಂದ ಹೊಳೆಗೆ ಅವಳು ನಗುನಗುತ್ತ ಇಳಿದಳು. ಅವಳ ಕೈಗೆ ಕಡ್ಡಿ ಸಿಗಬಾರದು. ಗೋಡೆಯ ಮೇಲಿನದನ್ನು ತೆಗೆದು ಅಟ್ಟಕ್ಕೆ ಹಾಕು. ಪಾಳಿಗೆ ಹೋಗುವಾಗ ಅವಳ ಕಣ್ಣಿಗೆ ಬೀಳದಂತೆ ಹೋಗು. ಇದು ನನ್ನ ಆಜ್ಞೆ ಎಂದು ತಿಳಿ.

ಭಾಗವ್ವ


ಕರಿಬೆಂಚಿ
೧೮ ಮೇ ೨೦೦೬

ಅಕ್ಕಗ ಶರಣು.

ಹುಡುಗಿ ಬಂದು ಮುಟ್ಯಾಳ. ಮಾತಿಲ್ಲ ಕತಿಯಿಲ್ಲ. ಭೀಮಶಿ ಹೋಗೂ ಮುಂದ ಅವಗೂ ಮಾರಿ ತೋರಸಲಿಲ್ಲ. ನನ್ನ ಹೆಂಡ್ತಿ ಇದ್ದಿದ್ರ ಹ್ಯಾಂಗರೆ ಮಾತಾಡಸ್ತಿದ್ಲು. ಅಕಿ ಹೋಗಿ ಆರ ವರ್ಷಾತು, ಮನ್ಯಾಗ ಹೆಂಗಸಿಲ್ಲ. ಗಂಡಸಿನ ಅಡಗಿ ಹುಡುಗಿಗಿ ರುಚಿಸವಲ್ದು. ಎರಡ ದಿನದ ಮ್ಯಾಲ ತಾನ ಒಲಿ ಮುಂದ ಕುಂತ್ಲು.

ಹಲಗಿ ಅಟ್ಟಕ್ಕ ಹಾಕೇನಿ.

ಅಕಿ ಹೇಳಲಿಲ್ಲ, ಭೀಮಶಿ ಹೇಳಿದ. ನೀ ಮೆರವಣಿಗಿ ನಡುವ ನುಗ್ಗಿ, ಅಕಿ ಕೊರಳಾಗಿನ ಪಟ್ಟಿ ಹಿಡದು ಹೊರಗ ಎಳದಿ ಅಂತ. ನೀ ನನಗ ಬಿಡಿಸಿದೆ ಅಂತಷ್ಟ ಬರದಿ.

ಅಕ್ಕಾ, ನೀ ಹಿರೇಕಿ, ಓದಿದಾಕಿ. ನಾ ನಿನಗ ಹೇಳೂದಲ್ಲ. ಆದ್ರ ನೀನೂ ಇದ ಮನ್ಯಾಗ ಹುಟ್ಟಿದಾಕಿ. ನಮ್ಮ ಮನಿತನದ ಕಟ್ಟು ನಿನಗ ಗೊತ್ತೈತಿ. ಹೆಣದ ಮುಂದ ಬಡಿತ ಶುರು ಆತಂದ್ರ ಹೂಳೂ ಕುಣಿ ಮುಟ್ಟೂತನಕ ನಿಲ್ಲಬಾರದು. ಮಳಿ ಬರಲಿ, ಕಾಲಾಗ ಮುಳ್ಳ ಮುರಿಲಿ. ನಡುವ ನಿಂತ್ರ ಸತ್ತವ್ರು ದಾರ್ಯಾಗ ನಿಂತಬಿಡ್ತಾರ, ಹಿಂದಕ್ಕೂ ಇಲ್ಲ ಮುಂದಕ್ಕೂ ಇಲ್ಲ. ಅಪ್ಪ ಜ್ವರದಾಗ ಯಾಕ ನಿಲ್ಲಲಿಲ್ಲ? ಗೌಡ್ರ ಅಂಜಿಕಿಗಿ ಅಂತ ನೀ ತಿಳಕೊಂಡಿ. ನಾ ಅಪ್ಪನ ಮಗ್ಗಲ ಇದ್ದೆ. ಗೌಡ್ರ ಮಗನ ‘ಸಾಕು ಬಿಡೋ ಪರಮ್ಯಾ’ ಅಂದ. ಅಪ್ಪ ಬಿಡಲಿಲ್ಲ.

ಅದಕ್ಕ ಒಂದ ಕೇಳ್ತೀನಿ. ನೀ ಎಳಕೊಂಡು ಬರೂ ಮುಂದ ಹೆಣ ಕುಣಿ ಮುಟ್ಟಿತ್ತೇನು?

ಕಂಠೆಪ್ಪ


ಸಡಾ
೯ ಜೂನ್ ೨೦೦೬

ಕಂಠೆಪ್ಪಾ,

ನಿನ್ನ ಪ್ರಶ್ನೆಗೆ ಉತ್ತರ ಕೊಡಬೇಕಾದ ಅಗತ್ಯ ನನಗಿಲ್ಲ. ಸತ್ತವರು ಕ್ರಿಶ್ಚಿಯನ್ನರು, ಅವರಿಗೆ ಅವರ ಪಾದ್ರಿ ಇದ್ದಾರೆ, ದಾರಿ ತೋರಿಸಲು ನಮ್ಮ ಮನೆಯ ಹುಡುಗಿ ಬೇಕಾಗಿಲ್ಲ. ಗೌಡರ ಮಗ ಸಾಕು ಅಂದ ಎಂದು ಮೂವತ್ತೈದು ವರ್ಷದ ಮೇಲೆ ಈಗ ಹೇಳುತ್ತಿದ್ದೀಯ. ನನಗೆ ನಂಬಿಕೆಯಿಲ್ಲ.

ಶ್ವೇತಾ ಶೇಕಡಾ ಅರವತ್ತೆಂಟು ತೆಗೆದಿದ್ದಾಳೆ. ಅಂಕಪಟ್ಟಿ ಇದರೊಡನೆ ಇದೆ. ಕಾಲೇಜಿಗೆ ಹಚ್ಚು.

ಕಾಯ್ತಾನ ಮಾಸ್ತರರು ಮನೆಗೆ ಬಂದಿದ್ದರು. ಕಪ್ಪು ಪಟ್ಟಿ ಇನ್ನೂ ತೋಳಿನ ಮೇಲಿತ್ತು. ಶ್ವೇತಾ ಎಲ್ಲಿ ಎಂದು ಕೇಳಿದರು. ಸೂಟಿಗೆ ಊರಿಗೆ ಹೋಗಿದ್ದಾಳೆ, ಬರುತ್ತಾಳೆ ಎಂದೆ. ವಿಳಾಸ ಕೇಳಿದರು. ಊರಿಗೆ ಸರಿಯಾಗಿ ಟಪಾಲು ಹೋಗುವುದಿಲ್ಲ ಎಂದೆ. ತಲೆಬಾಗಿ ನಮಸ್ಕಾರ ಮಾಡಿ ಹೋದರು. ನಾನು ಅವರನ್ನು ಒಳಗೆ ಕರೆಯಲಿಲ್ಲ.

ಭಾಗವ್ವ


ಕರಿಬೆಂಚಿ
೧೪ ಜನವರಿ ೨೦೦೭

ಅಕ್ಕಗ ಸಂಕ್ರಾಂತಿ ಶರಣು.

ಎಲ್ಲಾ ಚಲೋ ಐತಿ. ಹುಡುಗಿ ಕಾಲೇಜಿಗಿ ಹೊಂಟಾಳ. ಈಗ ಮಾತಾಡ್ತಾಳ, ನಗತಾಳ. ನನಗ ‘ಮುತ್ಯಾ, ನಿನ್ನ ರೊಟ್ಟಿ ಗೋವಾ ನಕಾಶಿ ಆಗ್ಯಾವ’ ಅಂತಾಳ. ಭೀಮಶಿ ಬಂದು ಹ್ವಾದ ಮ್ಯಾಲ ನೀ ಅಕಿ ಕೈಯಾಗ ಬೊಬ್ಬಿ ಯಾಕ ಎದ್ದಾವಂತ ಕೇಳಿ ಕಳಿಸಿದಿ. ಮೆಣಸಿನಕಾಯಿ ಬಿಡಸಾಕ ಹೋಗಿದ್ಲು, ಅದರದು.

ಎಳ್ಳು ಬೆಲ್ಲ ಕಳಸೇನಿ.

ಕಂಠೆಪ್ಪ


ಸಡಾ
೧೨ ನವೆಂಬರ್ ೨೦೦೭

ಕಂಠೆಪ್ಪಾ,

ಹತ್ತು ತಿಂಗಳಾಯಿತು, ನಿನ್ನಿಂದ ಒಂದು ಸಾಲಿಲ್ಲ. ನಾನು ಬರೆದ ಮೂರು ಕಾಗದಕ್ಕೂ ಉತ್ತರವಿಲ್ಲ. ದೀಪಾವಳಿಗೆ ಭೀಮಶಿ ಸೀರೆ ಒಯ್ದಾಗ ಮನೆಗೆ ಬೀಗ ಹಾಕಿತ್ತಂತೆ. ಶ್ವೇತಾ ಊರಲ್ಲಿಲ್ಲ, ಹುಬ್ಬಳ್ಳಿಯಲ್ಲಿದ್ದಾಳೆ ಎಂದು ಗಣಪ್ಪನ ಬಾಯಿಂದ ಅವನು ಕೇಳಿಕೊಂಡು ಬರಬೇಕಾಯಿತು. ಗಣಪ್ಪನ ಬಾಯಿಂದ!

ಮೆಣಸಿನಕಾಯಿ ಬಿಡಿಸಿದರೆ ಕೈ ಉರಿಯುತ್ತದೆ, ಬೊಬ್ಬೆ ಏಳುವುದಿಲ್ಲ. ಅಂದೇ ನನಗೆ ಹೊಳೆಯಬೇಕಿತ್ತು. ಹೊಳೆದಿತ್ತೋ ಏನೋ. ಒಳ್ಳೆಯ ಸುದ್ದಿ ಬರೆದಿದ್ದೆ ಎಂದು ನಾನು ಅದನ್ನೇ ಹಿಡಿದುಕೊಂಡೆ.

ನಡೆದದ್ದನ್ನು ನಡೆದಂತೆ ಬರೆ.

ಭಾಗವ್ವ


ಕರಿಬೆಂಚಿ
೩ ಡಿಸೆಂಬರ್ ೨೦೦೭

ಅಕ್ಕಾ,

ಬರಿತೀನಿ. ಓದಿದ ಮ್ಯಾಲ ತಮ್ಮ ಇಲ್ಲ ಅಂತ ತಿಳಕೋ, ಬ್ಯಾಡನ್ನೂದಿಲ್ಲ.

ನಾ ನಿನಗ ಮೊದಲಿಂದನೂ ಸುಳ್ಳ ಹೇಳೇನಿ. ಶ್ವೇತಾಗ ಹಲಗಿ ಅಂದ್ರ ಜರಡಿ ಅಂತ ನಾ ಹೇಳಿಲ್ಲ. ಅಕಿ ಸೂಟಿಗಿ ಬಂದಾಗನ ಎಲ್ಲಾ ಹೇಳಿದ್ದೆ. ಅಪ್ಪನ ಹೆಸರು, ನಮ್ಮ ಪಾಳಿ, ಕುಣಿ ಮುಟ್ಟೂ ಬಡಿತ. ಎರಡ ಕಡ್ಡಿ ಹಿಡಿಸಿ ನೆಲದ ಮ್ಯಾಲ ಕಲಿಸಿದೆ. ಹದಿಮೂರ ವರ್ಷದ ಕೂಸು ಒಂದ ಮಧ್ಯಾಹ್ನದಾಗ ಹಿಡದಬಿಟ್ಲು. ನನಗ ಮಕ್ಕಳಿಲ್ಲ, ಆಸೆ ಆತು. ‘ಆಯಿಗಿ ಹೇಳಬ್ಯಾಡ ಮುತ್ಯಾ, ಆಯಿ ಅಳತಾಳ’ ಅಂದ್ಲು. ನಿನಗ ಆಯಿ ಅಂತ ಕರಿಯೂ ಆ ಕೂಸಿಗಿ, ನೀ ಬೈತಿ ಅನ್ನೂ ಚಿಂತಿ ಇರಲಿಲ್ಲ. ಅಳತಿ ಅನ್ನೂದಿತ್ತು.

ನೀ ಇಲ್ಲಿ ಕಳಿಸಿದ ಮ್ಯಾಲ ಮೂರ ತಿಂಗಳು ಸುಮ್ನ ಇದ್ಲು. ಆಮ್ಯಾಲ ಅಟ್ಟ ಹತ್ತಿ ತಾನ ಹಲಗಿ ಇಳಿಸಿದ್ಲು. ನಾ ತಡೀಲಿಲ್ಲ. ದಿನಾ ಬಾರಸಿದ್ವಿ. ಅಕಿ ನನಗ ಡ್ರಮ್ಮಿಂದ ಕಲಿಸಿದ್ಲು, ನಾ ಅಕಿಗಿ ನಮ್ಮದು. ಬೊಬ್ಬಿ ಅದರವು. ನನ್ನ ಜೀವಮಾನದಾಗ ಅಷ್ಟ ಸುಖದ ದಿನ ನಾ ಕಂಡಿಲ್ಲ ಅಕ್ಕಾ. ಅದಕ್ಕ ನಿನಗ ಬರೀಲಿಲ್ಲ.

ಶ್ರಾವಣದಾಗ ಹಳೇ ಗೌಡ್ತಿ ಸತ್ಲು. ಕರಿಯಾಕ ಬಂದ್ರು. ನನಗ ಚಳಿಜ್ವರ, ಎದ್ದ ನಿಲ್ಲಾಕ ಆಗವಲ್ದು. ಆದ್ರೂ ಎದ್ದೆ. ಶ್ವೇತಾ ನನ್ನ ಕೈಯಾಗಿನ ಹಲಗಿ ಕಸಗೊಂಡ್ಲು. ‘ನಿಮ್ಮಪ್ಪ ಹಿಂಗ ಹೋಗ್ಯಾನ, ನೀ ಹೋಗಬ್ಯಾಡ’ ಅಂದ್ಲು. ನಾ ಕಂಬಳಿ ಹೊದ್ದು ಹಿಂದಿಂದ ಹ್ವಾದೆ.

ಅಪ್ಪನೂ ಹಂಗ ಬಾರಿಸಿಲ್ಲ ಅಕ್ಕಾ. ಕುಣಿ ತನಕ ನಿಲ್ಲಲಿಲ್ಲ. ಮಣ್ಣ ಕೊಟ್ಟ ಮ್ಯಾಲ ಕೈ ಇಳಿಸಿ ನಿಂತ್ಲು. ಕಣ್ಣಾಗ ನೀರಿತ್ತು. ಆ ಗೌಡ್ತಿ ಸಲುವಾಗಿ ಅಲ್ಲ ಅಂತ ನನಗ ಆವಾಗ ತಿಳೀಲಿಲ್ಲ.

ತಿರುಗಿ ಬಂದ ಮ್ಯಾಲ ನಮ್ಮನ್ನ ದನದ ಕೊಟ್ಟಿಗಿ ಬಾಜೂಕ ಕುಂಡ್ರಿಸಿದ್ರು. ಮ್ಯಾಲಿಂದ ಎಲಿ ಒಗದ್ರು, ಅನ್ನ ಎತ್ತಿ ಹಾಕಿದ್ರು. ನನಗ ರೂಢಿ. ನಾ ಉಂಡೆ. ಅಕಿ ಎಲಿ ನೋಡಿಕೋತ ಕುಂತ್ಲು. ಎದ್ದು ಎಲಿ ಎತ್ತಿ ದನಕ್ಕ ಹಾಕಿ, ಯಾರ ಮಾರೀನೂ ನೋಡದ ಮನಿಗಿ ಬಂದ್ಲು. ಗೌಡ್ರ ಆಳು ‘ಭಾಳ ಸೊಕ್ಕು ಐತಿ ಇದಕ್ಕ’ ಅಂದ.

ಮನಿಗಿ ಬಂದು ಎರಡ ಮಾತ ಹೇಳಿದ್ಲು. ‘ಮುತ್ಯಾ, ಅಲ್ಲಿ ಬಾರಸೂ ಮುಂದ ಸತ್ತವರ ಮನಿಯವ್ರು ನನ್ನ ಹಣಿಗಿ ಮುತ್ತು ಕೊಟ್ಟಿದ್ರು. ಅಲ್ಲಿಂದ ಎಳದು ಆಯಿ ನನ್ನ ಇಲ್ಲಿಗಿ ಕಳಿಸಿದ್ಲು.’ ಅಷ್ಟ. ಮರುದಿನ ಹುಬ್ಬಳ್ಳಿಗಿ ಹ್ವಾದ್ಲು. ನನ್ನ ಹೆಂಡ್ತಿ ತಂಗಿ ಕಾಳಿಬಾಯಿ ಅಲ್ಲಿ ದವಾಖಾನ್ಯಾಗ ಆಯಾ ಅದಾಳ, ಅಕಿ ಮನ್ಯಾಗ ಅದಾಳ. ನರ್ಸ್ ಕಲಿಯಾಕತ್ಯಾಳ. ಯಾವ ಕಡ್ಡೀನೂ ಮುಟ್ಟಿಲ್ಲಂತ. ಒಲಿ ಮುಂದ ಕುಂತಾಗ ಸುದ್ದಾ ಬೊಟ್ಟು ಆಡಸೂದಿಲ್ಲ ಅಂತ ಕಾಳಿಬಾಯಿ ಅಂದ್ಲು.

ಅಕಿ ಕೈ ನಿಲ್ಲಿಸಿದವ್ರು ನಾವಿಬ್ರೂ. ನೀ ಎಳದು, ನಾ ಕರಕೊಂಡು ಹೋಗಿ.

ವಿಳಾಸ ಕೆಳಗ ಬರದೇನಿ. ಬರಿ ಅಕ್ಕಾ.

ಕಂಠೆಪ್ಪ


ಕರಿಬೆಂಚಿ
೨೧ ಮಾರ್ಚ್ ೨೦೧೦

ಅಕ್ಕಗ ಯುಗಾದಿ ಶರಣು.

ಎರಡ ವರ್ಷ ಮ್ಯಾಲಾತು. ನೀ ಬರೀಲಿಲ್ಲ, ಅಕಿಗೂ ಬರೀಲಿಲ್ಲ. ಭೀಮಶಿ ಹೋಗಿ ನೋಡಿ ಬರ್ತಾನಂತ. ಹುಡುಗಿ ನರ್ಸ್ ಆಗ್ಯಾಳ. ಚಲೋ ಅದಾಳ ಅಂತಾರ. ಡ್ರಮ್ಮಿನ ಮಾತ ತೆಗದ್ರ ಎದ್ದ ಹೋಗ್ತಾಳಂತ.

ನಾ ಪಾಳಿ ಬಿಟ್ಟೆ. ಯಾರೂ ಬಿಡಸಲಿಲ್ಲ. ಆವತ್ತಿಂದ ಗೌಡ್ರ ಮನಿ ಅನ್ನ ಗಂಟಲದಾಗ ಇಳೀವಲ್ದು. ಹೊತ್ತ ಮುಳಗೂ ಮುಂದ ಒಬ್ಬನ ಕುಂತು ಬಾರಿಸ್ತೀನಿ, ಯಾರ ಸಲುವಾಗೂ ಅಲ್ಲ.

ಕಂಠೆಪ್ಪ


ಸಡಾ
೨೭ ನವೆಂಬರ್ ೨೦೧೧

ತಮ್ಮ ಕಂಠೆಪ್ಪನಿಗೆ,

ನಾಲ್ಕು ವರ್ಷ ಸಿಟ್ಟಿನಿಂದ ಬರೆಯಲಿಲ್ಲ ಎಂದು ನೀನು ತಿಳಿದಿರಬಹುದು. ಮೊದಲ ವರ್ಷ ಸಿಟ್ಟೇ ಇತ್ತು. ಆಮೇಲೆ ಇದ್ದದ್ದು ಬೇರೆ. ನೀನು ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಬೇರೆ ಏನು ಬರೆಯಲಿಕ್ಕೂ ಕೈ ಬರಲಿಲ್ಲ.

ಮುಟ್ಟಿರಲಿಲ್ಲ. ಹೆಣ ಕುಣಿ ಮುಟ್ಟಿರಲಿಲ್ಲ. ಚರ್ಚಿನ ಇಳಿಜಾರಿನಲ್ಲಿ, ಸ್ಮಶಾನ ಇನ್ನೂ ಎರಡು ತಿರುವು ಇರುವಾಗ ನಾನು ಎಳೆದೆ.

ಅಂದು ಸಂಜೆ ನಾಲ್ಕು ಗಂಟೆ. ನಾನು ಮತ್ತು ಚಂದ್ರಿಬಾಯಿ ಸಂತೆಯಿಂದ ಬರುತ್ತಿದ್ದೆವು. ಕಪ್ಪು ಬಟ್ಟೆಯ ಜನ, ಮುಂದೆ ಕಹಳೆಯವರು, ಎಲ್ಲರಿಗಿಂತ ಮುಂದೆ ಒಬ್ಬಳೇ ಶ್ವೇತಾ. ಡ್ರಮ್ಮಿಗೆ ಕಪ್ಪು ಬಟ್ಟೆ ಸುತ್ತಿತ್ತು. ನಿಧಾನ ಬಡಿತ. ಆ ಬಡಿತವನ್ನು ನಾನು ಗುರುತಿಸಿದೆ ಕಂಠೆಪ್ಪಾ. ಅದು ಶಾಲೆಯ ಬಡಿತವಲ್ಲ. ಅಪ್ಪನದು. ಎಲ್ಲಿ ಕಲಿತಳು ಎಂದು ನನ್ನನ್ನು ನಾನು ಕೇಳಿಕೊಳ್ಳಲೂ ಇಲ್ಲ. ರಕ್ತದಿಂದ ಎದ್ದು ಬಂದಿದೆ ಎಂದು ಹೆದರಿದೆ. ಆಗ ಚಂದ್ರಿಬಾಯಿ, ‘ಭಾಗವ್ವಾರ, ಹೆಣದ ಮುಂದ ಹಿಂಗ ಬಾರಸೂದು ಈಕಿಗಿ ಯಾರ ಕಲಿಸ್ಯಾರ್ರಿ?’ ಅಂದಳು. ಗೊತ್ತಾಗಿಬಿಟ್ಟಿತು, ಇನ್ನು ಅರವತ್ತು ಮನೆಗೂ ಗೊತ್ತಾಗುತ್ತದೆ ಎಂದುಕೊಂಡೆ. ಕೈಚೀಲ ಅಲ್ಲೇ ಬಿಟ್ಟು ಹೋದೆ. ಅವಳು ಬಾರಿಸುವುದನ್ನು ನಿಲ್ಲಿಸಲಿಲ್ಲ. ‘ಕುಣಿತನಕ ಬಿಡ ಆಯಿ, ಆಮ್ಯಾಲ ಏನರೆ ಮಾಡು’ ಅಂದಳು. ಕುಣಿ ಎಂಬ ಮಾತು ಅವಳ ಬಾಯಿಗೆ ಎಲ್ಲಿಂದ ಬಂತು ಎಂದೂ ನನಗೆ ಹೊಳೆಯಲಿಲ್ಲ. ಎಳೆದೆ.

ಹೋದ ತಿಂಗಳು ಚಂದ್ರಿಬಾಯಿ ಕಾಯಿಲೆ ಬಿದ್ದಿದ್ದಳು. ನೋಡಲು ಹೋದಾಗ ಕೇಳಿಯೇಬಿಟ್ಟೆ, ಅಂದು ಯಾಕೆ ಹಾಗೆ ಚುಚ್ಚಿದೆ ಎಂದು. ಅವಳಿಗೆ ನೆನಪಿಗೆ ಬರಲು ಹೊತ್ತು ಹಿಡಿಯಿತು. ‘ಚುಚ್ಚೂದೇನು ಬಂತ್ರಿ. ಕೇಳಿ ನನ್ನ ಕಣ್ಣಾಗ ನೀರ ಬಂದಿತ್ತು, ನಾ ಸತ್ತಾಗೂ ಹಿಂಗ ಯಾರರೆ ಬಾರಸಲಿ ಅಂತ ಕೇಳಿದೆ’ ಅಂದಳು. ಐದು ವರ್ಷ ನಾನು ಆ ಹೆಂಗಸಿನೊಡನೆ ಅರ್ಧ ಬಾಯಿಯಲ್ಲಿ ಮಾತಾಡಿದ್ದೆ.

ಅದಾದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ಹೋದ ಶನಿವಾರ ಕಾಯ್ತಾನ ಮಾಸ್ತರರ ಮನೆಗೆ ಹೋದೆ. ಪ್ರತಿ ಜೂನಿನಲ್ಲಿ ಅವರು ಬಂದು ಶ್ವೇತಾಳ ವಿಳಾಸ ಕೇಳುತ್ತಿದ್ದರು. ಪ್ರತಿ ವರ್ಷ ನಾನು, ಮುಂದಿನ ವರ್ಷ ಅವಳೇ ಬರುತ್ತಾಳೆ ಎಂದು ಹೇಳಿ ಬಾಗಿಲಲ್ಲೇ ಕಳಿಸುತ್ತಿದ್ದೆ. ಅಂಗಳದಲ್ಲಿ ಏಳೆಂಟು ಮಕ್ಕಳು ಟ್ಯೂಬು ಬಿಗಿದ ಸ್ಟೂಲುಗಳ ಮುಂದೆ ಕೂತಿದ್ದರು. ನನ್ನನ್ನು ಅಡಿಗೆಮನೆಯಲ್ಲಿ ಕೂಡಿಸಿದರು. ನಾನು ಅವರಿಗೆ ಹಿಂದಿಯಲ್ಲಿ, ಸಾಲದ್ದಕ್ಕೆ ಕೊಂಕಣಿಯಲ್ಲಿ ಹೇಳಿದೆ. ನಮ್ಮ ಅಪ್ಪ ಹಲಗಿ ಬಾರಿಸುವವನು, ನಮ್ಮನ್ನು ಕೊಟ್ಟಿಗೆಯ ಪಕ್ಕ ಕೂಡಿಸಿ ಉಣಿಸುತ್ತಿದ್ದರು, ಅದು ತಿಳಿದೀತೆಂಬ ಅಂಜಿಕೆಯಿಂದ ನಾನು ಹುಡುಗಿಯನ್ನು ನಿಮ್ಮ ಮೆರವಣಿಗೆಯಿಂದ ಎಳೆದೆ. ಮೂವತ್ತೈದು ವರ್ಷದಲ್ಲಿ ಗೋವಾದ ನೆಲದ ಮೇಲೆ ಈ ಮಾತನ್ನು ಮೊದಲ ಸಲ ಆಡಿದೆ.

ಅವರು, ‘ನನಗೆ ಗೊತ್ತು, ಭಾಗವ್ವ ಬಾಯಿ’ ಅಂದರು.

ಶ್ವೇತಾಳೇ ಹೇಳಿದ್ದಳಂತೆ. ಮಾಸ್ತರರು ಅಂದು ಡ್ರಮ್ ಬೇಡವೆಂದೇ ಇದ್ದರಂತೆ, ಕಹಳೆ ಸಾಕೆಂದು. ಬೆಳಿಗ್ಗೆ ಹುಡುಗಿ ಒಬ್ಬಳೇ ಹೋಗಿ, ನಮ್ಮ ಮನೆಯವರು ಸತ್ತವರಿಗೆ ದಾರಿ ತೋರಿಸುವವರು, ನನಗೆ ಆ ಬಡಿತ ಬರುತ್ತದೆ, ಇವರು ನನಗೆ ಅನ್ನ ಕೊಟ್ಟಿದ್ದಾರೆ, ನಾನು ಬಾರಿಸಲೇ ಎಂದು ಕೇಳಿದಳಂತೆ. ಸತ್ತವರು ಮಾಸ್ತರರ ಹೆಂಡತಿ. ನಾನು ನಿನಗೆ ಅದನ್ನೂ ಬರೆದಿರಲಿಲ್ಲ. ಎಳೆಯುವಾಗ ನನಗೆ ಗೊತ್ತಿರಲಿಲ್ಲ. ತೋಳಿನ ಕಪ್ಪು ಪಟ್ಟಿ ನೋಡಿದಾಗ ಗೊತ್ತಾಗಿತ್ತು.

ನಾನು ಎಳೆದ ಮೇಲೆ ಏನಾಯಿತು ಎಂದು ಕೇಳಿದೆ. ಹೇಳಲು ಅವರಿಗೆ ಇಷ್ಟವಿರಲಿಲ್ಲ. ಮತ್ತೆ ಕೇಳಿದೆ. ‘ಡ್ರಮ್ ಯಾರೂ ಹಿಡಿಯಲಿಲ್ಲ. ಕಹಳೆಯವರಿಗೂ ಉಸಿರು ಬರಲಿಲ್ಲ. ಉಳಿದ ದಾರಿ ಚಪ್ಪಲಿಯ ಸಪ್ಪಳದಲ್ಲಿ ಹೋದೆವು’ ಅಂದರು. ಸಿಟ್ಟಿನಿಂದ ಹೇಳಲಿಲ್ಲ. ಬೈದಿದ್ದರೆ ನನಗೆ ಉತ್ತರ ಕೊಡಲು ಬರುತ್ತಿತ್ತು.

ಅವರ ಮೊಣಕಾಲು ಹೋಗಿದೆ. ಬರುವ ವರ್ಷ ನಿವೃತ್ತಿ. ಚಿಕ್ಕ ಮಕ್ಕಳಿಗೆ ಕಲಿಸಲು ಕೈ ಬಲ್ಲ ಒಬ್ಬರು ಬೇಕು, ಶಾಲೆಯವರು ಒಪ್ಪಿದ್ದಾರೆ, ಆ ಹುಡುಗಿಯಷ್ಟು ಒಳ್ಳೆಯ ಎಡಗೈ ನಾನು ಮತ್ತೆ ನೋಡಲಿಲ್ಲ ಎಂದರು. ನರ್ಸ್ ಕೆಲಸ ಬಿಟ್ಟು ಬರುವುದಿಲ್ಲ ಎಂದೆ. ಬಿಡಬೇಕಾಗಿಲ್ಲ, ದವಾಖಾನೆ ಇಲ್ಲಿಯೂ ಇದೆ, ವಾರಕ್ಕೆ ಎರಡು ದಿನ ಸಾಕು ಎಂದರು. ಬಡಿತ ಬಿಟ್ಟಿದ್ದಾಳೆ ಎಂದೆ. ಅವರು ಮತ್ತೆ ವಿಳಾಸವನ್ನೇ ಕೇಳಿದರು.

ಮೊದಲು ನಾನೇ ಹುಬ್ಬಳ್ಳಿಗೆ ಹೋಗಿ ಕರೆತರುತ್ತೇನೆ ಎಂದುಕೊಂಡೆ. ಮನೆಗೆ ಮರಳುವ ದಾರಿಯಲ್ಲೇ ತಿಳಿಯಿತು, ಹಾಗೆ ಮಾಡಿದರೆ ಅದು ಇನ್ನೊಂದು ಸಲ ಪಟ್ಟಿ ಹಿಡಿದು ಎಳೆದಂತೆ. ನಾನು ಬಾ ಅಂದರೆ ಅವಳು ಹಟಕ್ಕೆ ಬರುವುದಿಲ್ಲ, ಇಲ್ಲವೇ ಅಂಜಿಕೆಗೆ ಬರುತ್ತಾಳೆ. ಎರಡೂ ನನಗೆ ಬೇಡ. ಭೀಮಶಿಯ ಕೈಯಲ್ಲಿ ಹೇಳಿ ಕಳಿಸುವುದಿಲ್ಲ. ನೀನೂ ಏನೂ ಬರೆಯಬೇಡ. ನಾನು ಮಾಸ್ತರರಲ್ಲಿ ಹೋಗಿದ್ದೆ ಎಂಬುದು ಅವಳಿಗೆ ತಿಳಿಯಬಾರದು. ತಿಳಿದರೆ ಕ್ಷಮಿಸಬೇಕಾದ ಭಾರವನ್ನೂ ಅವಳ ಮೇಲೆ ಹೊರಿಸಿದಂತಾಗುತ್ತದೆ. ಅವಳು ಬಂದರೆ ಮಾಸ್ತರರ ಮಾತಿಗೆ ಬರಲಿ, ಎಲ್ಲಿ ಬೇಕೋ ಅಲ್ಲಿ ಇರಲಿ. ಬರದಿದ್ದರೆ ಆ ಕೈ ಅವಳದು.

ನಿನ್ನೆ ಮತ್ತೆ ಹೋಗಿ, ಶ್ವೇತಾಳ ವಿಳಾಸವನ್ನು ನನ್ನ ಕೈಯಾರೆ ಬರೆದು ಮಾಸ್ತರರಿಗೆ ಕೊಟ್ಟುಬಂದೆ. ಇಂದು ಮುಂಜಾನೆ ಅವರು ಕಾಗದವನ್ನು ಟಪಾಲಿಗೆ ಹಾಕಿದ್ದಾರೆ.

ನಿನ್ನ ಅಕ್ಕ,
ಭಾಗವ್ವ